ಬೀರುವಿನ ಕೆಳಗಿನ ಖಾನೆ

ಏಳನೇ ತರಗತಿಗೆ ಬರುವ ತನಕ ನಾನು ನಮ್ಮ ಮನೆಯ ಬೀರುವಿನ ಬಾಗಿಲು ಪೂರ್ತಿ ಮುಚ್ಚಿದ್ದನ್ನು ನೋಡಿರಲಿಲ್ಲ. ಕೊಟ್ಟೂರಿನ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಬೀರುವಿನ ಕೋಣೆ. ಅದು ಮಲಗುವ ಕೋಣೆಯೂ ಹೌದು, ಜೋಳದ ಡಬ್ಬಿ ಇಡುವ ಕೋಣೆಯೂ ಹೌದು, ಬಂದ ಹೆಣ್ಣುಮಕ್ಕಳು ಕೂತು ಮಾತಾಡುವ ಕೋಣೆಯೂ ಹೌದು. ಆದರೆ ಬೀರು ಇದ್ದ ಮೇಲೆ ಮಿಕ್ಕ ಯಾವುದರ ಹೆಸರೂ ಅದಕ್ಕೆ ಅಂಟಲಿಲ್ಲ. ಮದುವೆಯಲ್ಲಿ ಅವ್ವನ ತವರಿನವರು ಕೊಟ್ಟ ಕಬ್ಬಿಣದ ಬೀರು ಅದು. ಬಾಗಿಲಿಗೆ ಉದ್ದನೆಯ ಕನ್ನಡಿ. ಒಳಗಿನ ಅರಿವೆಗಳು ಬಾಗಿಲನ್ನು ಹೊರಕ್ಕೆ ನೂಕುತ್ತಿದ್ದುದರಿಂದ ಅದು ತೆರೆದುಕೊಳ್ಳದಂತೆ ಮುಂದೆ ಜೋಳದ ಡಬ್ಬಿಯನ್ನು ಒತ್ತಿ ಇಟ್ಟಿರುತ್ತಿದ್ದರು. ಹೀಗಾಗಿ ಕನ್ನಡಿ ಯಾವಾಗಲೂ ಓರೆ. ಅದರ ಮುಂದೆ ನಿಂತು ತಲೆ ಬಾಚಿಕೊಂಡರೆ ಅರ್ಧ ನಮ್ಮ ಮುಖ, ಅರ್ಧ ಗೋಡೆಯ ಕ್ಯಾಲೆಂಡರು ಕಾಣುತ್ತಿತ್ತು. ನನ್ನ ಬೈತಲೆ ಹೈಸ್ಕೂಲು ಸೇರುವ ತನಕ ಸೊಟ್ಟಗೇ ಇದ್ದದ್ದಕ್ಕೆ ಆ ಬೀರುವೇ ಕಾರಣ ಎಂದು ಈಗಲೂ ನಂಬಿದ್ದೇನೆ.

ಆ ಬೀರುವಿನಲ್ಲಿ ನನ್ನದು ಎಂಬ ಒಂದು ಕರವಸ್ತ್ರವೂ ಇರಲಿಲ್ಲ. ಅಪ್ಪನದು ಕಿರಾಣಿ ಅಂಗಡಿ. ಅಂಗಡಿಯಿಂದ ಬಂದ ಬಿಸ್ಕೀಟಿನ ರಟ್ಟಿನ ಡಬ್ಬಿಯೇ ನನ್ನ ಕಪಾಟು. ಮಂಚದ ಕೆಳಗಿನಿಂದ ಅದನ್ನು ಎಳೆಯಬೇಕು, ಲಂಗ ತೆಗೆಯಬೇಕು, ಮತ್ತೆ ನೂಕಬೇಕು. ಒಂದು ಡಬ್ಬಿ ಹರಿದರೆ ಇನ್ನೊಂದು ಬರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ರೇಣುಕಾ ಒಂದು ದಿನ ನನ್ನ ತೋಳನ್ನು ಮೂಸಿ, ಇಡೀ ಬೆಂಚಿಗೆ ಕೇಳುವಂತೆ ಹೇಳಿದಳು:

"ಲೇ ಸುಮಿ, ನಿನ್ನ ಅಂಗಿ ಬಿಸ್ಕೀಟ್ ವಾಸ್ನಿ ಹೊಡಿತೈತಿ. ಹಸಿವಾದ್ರ ಕಡದು ಬಿಡ್ತೀನಿ ನೋಡು."

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಮನೆಗೆ ಬಂದು ಅವ್ವನ ಮುಂದೆ ಕಣ್ಣೀರು ಹಾಕಿದೆ. ನನಗೆ ಬೀರುವಿನಲ್ಲಿ ಒಂದು ಖಾನೆ ಬೇಕು, ನನ್ನವೇ ಅರಿವೆ ಇಡಲು, ನಾನೇ ಮಡಿಸಿ ಇಡಲು, ಬೇರೆ ಯಾರೂ ಕೈ ಹಾಕಬಾರದು. ಆ ವಯಸ್ಸಿನಲ್ಲಿ ನಾನು ಸೈಕಲ್ಲು ಕೇಳಿದವಳಲ್ಲ, ಚೂಡಿದಾರ ಕೇಳಿದವಳಲ್ಲ. ಕೇಳಿದ್ದು ಅದೊಂದನ್ನೇ, ದಿನಾ ಕೇಳಿದ್ದು ಅದೊಂದನ್ನೇ. ಅವ್ವ ಬೀರುವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಮಾಡೂಣು ತಡಿ" ಎನ್ನುತ್ತಿದ್ದಳು. ಅವಳ "ಮಾಡೂಣು ತಡಿ"ಗೆ ವರ್ಷಗಟ್ಟಲೆ ಬಾಳಿಕೆ ಇತ್ತು.

ಅವ್ವನಿಗೆ ಬಟ್ಟೆಯ ಹುಚ್ಚು ಎಂದು ಅಪ್ಪ ಹೇಳುತ್ತಿದ್ದ. ಹುಚ್ಚು ಅಲ್ಲ, ಪ್ರೀತಿ ಎನ್ನುತ್ತೇನೆ ನಾನು. ಹರಪನಹಳ್ಳಿ ಹತ್ತಿರದ ಅರಸೀಕೆರೆಯಲ್ಲಿ ಅಕ್ಕಂದಿರ ಸಾಲಿನ ಕೊನೆಗೆ ಹುಟ್ಟಿದವಳು ಅವಳು. ಮದುವೆಯಾಗುವ ತನಕ ಅವಳ ಮೈಗೆ ಬಂದದ್ದೆಲ್ಲ ಅಕ್ಕಂದಿರು ಉಟ್ಟು ಬಿಟ್ಟದ್ದು. ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚುವ ಸುಖ ಅವಳಿಗೆ ಸಿಕ್ಕಿದ್ದೇ ನಮ್ಮ ಮನೆಗೆ ಬಂದ ಮೇಲೆ. ಅದಾದ ಮೇಲೆ ಅವಳು ಒಂದನ್ನೂ ಬಿಡಲಿಲ್ಲ. ಮದುವೆ ಮುಂಜಿಗಳಲ್ಲಿ ಬಂದ ಸೀರೆ, ಉಡಿ ತುಂಬಿದಾಗ ಬಂದ ಕುಪ್ಪಸದ ಖಣ, ಹಬ್ಬಕ್ಕೆ ತೆಗೆದುಕೊಂಡದ್ದು, ಹಬ್ಬವಿಲ್ಲದೆಯೂ ತೆಗೆದುಕೊಂಡದ್ದು. ಅಮಾವಾಸ್ಯೆಗೊಮ್ಮೆ ಎಲ್ಲವನ್ನೂ ಹೊರಗೆ ಹರವಿ, ಮಡಿಕೆ ಬದಲಿಸಿ, ನುಸಿಗುಳಿಗೆ ಇಟ್ಟು ಮತ್ತೆ ತುರುಕುವಾಗ ಅವಳ ಮುಖ ನೋಡಬೇಕಿತ್ತು, ಮಕ್ಕಳಿಗೆ ಎರೆದು ಮಲಗಿಸಿದ ತಾಯಿಯ ಹಾಗೆ. ಉಡುತ್ತಿದ್ದದ್ದು ಮಾತ್ರ ಅದೇ ಎರಡು ಮೂರು ವಾಯಿಲ್ ಸೀರೆ. ಇವಳ ಈ ಪ್ರೀತಿಗೆ ನೀರೆರೆಯುತ್ತಿದ್ದವನು ಮೌಲಾಸಾಬ. ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಓಣಿ ಓಣಿ ತಿರುಗುವ ಮುದುಕ. ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿ, ಕುಡಿದು, ಸುಮ್ಮನೆ ಗಂಟು ಬಿಚ್ಚುತ್ತಿದ್ದ. ಹೊಗಳುವುದಿಲ್ಲ, ಒತ್ತಾಯವಿಲ್ಲ.

"ತಗೊಳ್ರಿ ಅನ್ನಂಗಿಲ್ಲ ತಾಯಿ ನಾನು. ನೋಡ್ರಿ ಅಂತೀನಿ ಅಷ್ಟ. ನೋಡಾಕ ಏನೈತ್ರಿ?"

ನೋಡುವುದಕ್ಕೆ ಏನಿದೆ ಎಂದು ಅವನಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಎಲ್ಲ ಶುರುವಾದದ್ದು ಶಾಂತತ್ತೆ ಬಂದ ದಿನ. ಅಪ್ಪನ ಅಕ್ಕ ಅವಳು, ಹರಪನಹಳ್ಳಿಗೆ ಕೊಟ್ಟಿದ್ದರು. ದನಿ ದೊಡ್ಡದು, ನಗು ಇನ್ನೂ ದೊಡ್ಡದು. ಬೀರುವಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತು, ಮುಂದೆ ಮಂಡಕ್ಕಿ ಒಗ್ಗರಣೆಯ ತಾಟು, ಕೈಯಲ್ಲಿ ಬಿಸಿ ಮಿರ್ಚಿ. ಅಷ್ಟರಲ್ಲಿ ಅಪ್ಪನ ತಾಯಿ, ನಮ್ಮ ಅಜ್ಜಿ, ಗಿರಣಿಗೆ ಕಳಿಸಲು ಜೋಳ ಬೇಕೆಂದು ಡಬ್ಬಿಯನ್ನು ಈಚೆಗೆ ಎಳೆದಳು. ಬೀರುವಿನ ಬಾಗಿಲು ಒಮ್ಮೆ ಕಿರ್ರೆಂದು, ಆಮೇಲೆ ಧಡಾರೆಂದು ತೆರೆಯಿತು. ಮೇಲಿನ ಖಾನೆಯ ಸೀರೆಗಳೆಲ್ಲ ಜಾರಿ ಅತ್ತೆಯ ತಲೆಯ ಮೇಲೆ ಬಿದ್ದವು. ಅತ್ತೆ ಕಾಣಿಸಲೇ ಇಲ್ಲ. ಮಿರ್ಚಿ ಹಿಡಿದ ಕೈ ಮಾತ್ರ ಆ ರಾಶಿಯಿಂದ ಮೇಲಕ್ಕೆ ಚಾಚಿಕೊಂಡಿತ್ತು. ಆಮೇಲೆ ಸೀರೆಯೊಳಗಿನಿಂದ ಅತ್ತೆಯ ದನಿ ಬಂತು:

"ಏ ಗಿರಿಜಾ, ಮನೆ ಐತೋ ಅರಿವೆ ಅಂಗಡಿ ಐತೋ ಇದು? ನನ್ನ ಮಿರ್ಚಿ ಮೊದ್ಲು ಇಸ್ಕೊಳ್ರೇ ಯಾರಾದ್ರೂ, ಎಣ್ಣೆ ಹತ್ತೀತು."

ಅಪ್ಪ ಅಂಗಡಿಯಿಂದ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನ ಮುಖ ಕೆಂಪಾಯಿತು. ಅವಳಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ಮಾತು ಕೊಡುವ ರೂಪದಲ್ಲಿ ಬರುತ್ತಿತ್ತು.

"ನಗಬ್ಯಾಡ್ರಿ. ಈ ಬಾಗಿಲಾ ತಾನಾಗಿ ಹಾಕ್ಕೊಳ್ಳೋ ತನಕ ಒಂದ್ ಹೊಸಾ ಅರಿವಿ ಈ ಮನಿಯೊಳಗ ತರಂಗಿಲ್ಲ ನಾನು."

"ಹೌದಾ? ಹಂಗಾದ್ರ ನಂದೂ ಒಂದ್ ಮಾತು ಕೇಳು," ಎಂದ ಅಪ್ಪ ನನ್ನನ್ನು ಮುಂದೆ ಎಳೆದುಕೊಂಡು. "ಹೊಸಾದು ತರದನ ಬಾಗಿಲಾ ಹಾಕ್ಕೊಂತು ಅಂದ್ರ ಕೆಳಗಿನ ಖಾನಿ ಸುಮಿದು. ನಡುವ ಒಂದ ಒಂದು ಸೀರಿ ಬಂತೋ, ಖಾನಿ ಮಾತು ಯಾರೂ ಎತ್ತಂಗಿಲ್ಲ."

ಅಪ್ಪನಿಗೆ ಇದು ತಮಾಷೆ. ಅವ್ವ ಸೋತೇ ಸೋಲುತ್ತಾಳೆ ಎಂದು ಅವನಿಗೆ ಖಾತ್ರಿ. ನನಗೆ ಮಾತ್ರ ತಮಾಷೆಯಾಗಿರಲಿಲ್ಲ. ನನ್ನ ಖಾನೆ ಅವ್ವನ ಕೈಯಲ್ಲಿತ್ತು, ಅವ್ವನ ಕೈ ಯಾವತ್ತೂ ಸೀರೆಯ ಮೇಲೇ ಇರುತ್ತಿತ್ತು.

ಮರುದಿನದಿಂದ ಪಡಸಾಲೆಯಲ್ಲಿ ಬೀರು ಖಾಲಿ ಮಾಡುವ ಕೆಲಸ. ಅಜ್ಜಿ ಮಣೆ ಹಾಕಿಕೊಂಡು ನ್ಯಾಯಾಧೀಶರ ಹಾಗೆ ಕೂತಳು. ಹಳೆಯ ಅರಿವೆ ಇಸಿದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸಿಗೆ ಒಂದು ಗುಡ್ಡೆ, ಕೌದಿ ಹೊಲಿಯಲು ಒಂದು ಗುಡ್ಡೆ, ಯಾರಿಗಾದರೂ ಉಡಲು ಕೊಡುವುದಕ್ಕೆ ಇನ್ನೊಂದು. ಗುಡ್ಡೆ ಮಾಡುವುದು ಸುಲಭ, ಅದು ಗುಡ್ಡೆಯಾಗಿ ಉಳಿಯುವುದು ಕಷ್ಟ. ಅವ್ವ ಒಂದನ್ನು ಎತ್ತಿ ಪಾತ್ರೆಯವಳ ಗುಡ್ಡೆಗೆ ಹಾಕುವಳು, ಎರಡು ಹೆಜ್ಜೆ ಹೋಗಿ ತಿರುಗಿ ಬರುವಳು. "ಇದು ಸುಮಿ ಹೊಟ್ಟಿಯಾಗಿದ್ದಾಗ ಉಟ್ಟಿದ್ದು." ಅದು ಬೀರುವಿಗೆ ವಾಪಸು. "ಇದು ಹಡಗಲಿ ಮದುವಿಗೆ ಉಟ್ಟಿದ್ದು, ಸಾರು ಚೆಲ್ಲಿ ಕಲಿ ಆಗಿದ್ದು, ನೋಡ್ರಿ ಕಲಿ ಇನ್ನೂ ಐತಿ." ಕಲೆ ಇರುವ ಕಾರಣಕ್ಕೇ ಅದೂ ವಾಪಸು. ನಡುವೆ ಒಂದನ್ನು ಮೈಮೇಲೆ ಇಟ್ಟುಕೊಂಡು ಕನ್ನಡಿ ನೋಡಿಕೊಳ್ಳುವುದು, ಇನ್ನೊಂದನ್ನು ಉಟ್ಟೇ ಬಿಡುವುದು. ಓಣಿಯಲ್ಲಿ ಹಾದುಹೋಗುತ್ತಿದ್ದ ಪಕ್ಕದ ಮನೆಯ ಗಂಗವ್ವ ಒಳಗೆ ಇಣುಕಿ, "ಏನವಾ, ಬೀಗರು ಬರಾಕತ್ಯಾರೇನು?" ಎಂದು ಕೇಳಿದಳು. ಹದಿನೈದು ದಿನ ನಮ್ಮ ಮನೆಯಲ್ಲಿ ಹಬ್ಬವೇ ನಡೆಯಿತು. ನಾನು ಶಾಲೆಯಿಂದ ಓಡಿ ಬಂದು ಮೊದಲು ನೋಡುತ್ತಿದ್ದದ್ದು ಬಾಗಿಲನ್ನು, ಇನ್ನೆಷ್ಟು ಸಂದಿ ಉಳಿದಿದೆ ಎಂದು. ಪಾತ್ರೆಯವಳು ಬಂದು ದೊಡ್ಡ ಗಂಟು ಕಟ್ಟಿಕೊಂಡು ಹೋದಳು, ನಮಗೆ ಒಂದು ದೊಡ್ಡ ಡಬರಿ, ಎರಡು ಡಬ್ಬಿ ಉಳಿದವು.

"ಅರಿವಿ ಹೋಗಿ ಪಾತ್ರಿ ಬಂತು. ಇನ್ನ ಪಾತ್ರಿ ಇಡಾಕ ಒಂದು ಬೀರು ತರಬೇಕು," ಎಂದ ಅಪ್ಪ.

ಕೌದಿಯ ಗುಡ್ಡೆಯ ಸೀರೆಗಳನ್ನು ಅಜ್ಜಿ ಒಂದೊಂದನ್ನೇ ನಾಲ್ಕು ಮಡಿಕೆ ಮಾಡಿ, ಒಂದರ ಮೇಲೊಂದು ಹಾಸಿ, ಹಾಸಿಗೆಯ ಹಾಗೆ ಸುತ್ತಿ ಅಟ್ಟದ ಮೇಲೆ ಇಡಿಸಿದಳು. ಬೇಸಿಗೆ ಬಂದ ಮೇಲೆ ಮೇಲೊಂದು ಕೆಳಗೊಂದು ಒಳ್ಳೆಯ ಸೀರೆ ಹೊದಿಸಿ ಹೊಲಿದರಾಯಿತು, ಅಲ್ಲಿಯ ತನಕ ಯಾರೂ ಮುಟ್ಟುವಂತಿಲ್ಲ. ಅಷ್ಟಾದರೂ ಬೀರುವಿನ ಬಾಗಿಲಲ್ಲಿ ಇನ್ನೂ ನಾಲ್ಕು ಬೆರಳಿನ ಸಂದಿ ಉಳಿಯಿತು. ಸರಿಯಾಗಿ ಅದೇ ಹೊತ್ತಿಗೆ, ನಾನು ಶಾಲೆಯಲ್ಲಿ, ಅಪ್ಪ ಅಂಗಡಿಯಲ್ಲಿ, ಅಜ್ಜಿ ಮಠಕ್ಕೆ ಹೋಗಿದ್ದಾಗ ಮೌಲಾಸಾಬ ಬಂದ. ಗಂಟು ಬಿಚ್ಚಿದ. ಗಿಣಿಹಸಿರು ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು. ಅವ್ವ ಬೇಡವೆಂದು ಒಳಗೆ ಹೋದಳಂತೆ, ನೀರು ಕೊಡಲು ಹೊರಗೆ ಬಂದಳಂತೆ, ಇನ್ನೊಮ್ಮೆ ನೋಡಿದಳಂತೆ. ಬಾಗಿಲು ಇವತ್ತಲ್ಲ ನಾಳೆ ಹಾಕಿಕೊಳ್ಳುತ್ತದೆ, ಆಮೇಲೆ ಹೊರಗೆ ತೆಗೆದರಾಯಿತು ಎಂದುಕೊಂಡು ಕೊಂಡಳು. ಎಲ್ಲಿಡುವುದು? ಅಟ್ಟ ಹತ್ತಿ, ಕೌದಿಯ ಸುರುಳಿ ಬಿಚ್ಚಿ, ಹೊಸದನ್ನೂ ನಾಲ್ಕು ಮಡಿಕೆ ಮಾಡಿ ಹಳೆಯವುಗಳ ನಡುವೆ ಸೇರಿಸಿ, ಇದ್ದ ಹಾಗೆ ಸುತ್ತಿಟ್ಟಳು. ಮನೆಯಲ್ಲಿ ಬೇಸಿಗೆಯ ತನಕ ಯಾರೂ ಮುಟ್ಟದ ಜಾಗ ಅದೊಂದೇ.

ಅವ್ವನ ಲೆಕ್ಕ ತಪ್ಪಿಸಿದ್ದು ಶಾಂತತ್ತೆಯ ಮೊಮ್ಮಗು. ಅತ್ತೆಯ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಅತ್ತೆಯ ಫೋನು ಬಂತು, ಬಾಣಂತಿಗೆ ಕೌದಿ ಬೇಕು, ಇದೇ ಭಾನುವಾರ ಬಂದು ಒಯ್ಯುತ್ತೇನೆ. ಅವ್ವ ಆಗ ಊರಲ್ಲಿರಲಿಲ್ಲ, ಅಕ್ಕನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದಳು. ಅಜ್ಜಿ ಅಟ್ಟದ ಸುರುಳಿ ಇಳಿಸಿದಳು. ಬಾಣಂತಿಗೆ ಹೊದಿಸುವುದು ಒಳ್ಳೆಯದೇ ಇರಲಿ ಎಂದು ಬೀರುವಿನಿಂದ ಎರಡು ದಪ್ಪ ಸೀರೆ ತೆಗೆದು ಮೇಲೊಂದು ಕೆಳಗೊಂದು ಹೊದಿಸಿದಳು. ಗಂಗವ್ವ, ಗಂಗವ್ವನ ಸೊಸೆ, ಅಜ್ಜಿ ಮೂರೂ ಜನ ಮೂರು ಅಂಚಿಗೆ ಕೂತರು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಅಜ್ಜಿ ಮೊದಲ ಸಾಲಿನಲ್ಲೇ ಒಮ್ಮೆ ನಿಂತು, ಸೂಜಿಯನ್ನು ತಲೆಗೂದಲಿಗೆ ಉಜ್ಜಿಕೊಂಡು, ಮುಂದೆ ಹೊಲಿದಳು. ಎರಡು ದಿನ ಹಾಡು, ಚಾಡಿ, ನಗು. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದು ಅಜ್ಜಿ ನಾಲ್ಕು ಕಾಳು ಅಕ್ಕಿ ಹಾಕಿ ಹೊಲಿದಳು. ಹೊಟ್ಟೆ ತುಂಬಿಸಿದ ಕೌದಿಯನ್ನು ಬಿಚ್ಚಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು. ಆಮೇಲೆ ಹೋಳಿಗೆ ಊಟ. ಕೈ ತೊಳೆದು ಬಂದು ನಾನು ಬೀರುವಿನ ಬಾಗಿಲು ಮುಟ್ಟಿದೆ. ಎರಡು ದಪ್ಪ ಸೀರೆ ಹೋಗಿತ್ತಲ್ಲ, ಬಾಗಿಲು ಮೆಲ್ಲಗೆ ಸರಿದು ಟಕ್ ಎಂದಿತು. ಆ ಸದ್ದು ಕೇಳಿ ನಾನು ಪಡಸಾಲೆಯಲ್ಲಿ ಕುಣಿದುಬಿಟ್ಟೆ. ಕನ್ನಡಿಯಲ್ಲಿ ಮೊದಲ ಬಾರಿಗೆ ನನ್ನ ಪೂರ್ತಿ ಮುಖ ಕಂಡಿತು, ಪರವಾಗಿಲ್ಲ ಎನಿಸಿತು.

ಸಂಜೆ ಬಸ್ಸಿಗೆ ಬಂದ ಅವ್ವ ಬಾಗಿಲು ನೋಡಿ ನನ್ನನ್ನು ಎತ್ತಿ ತಿರುಗಿಸಿದಳು. ಆಮೇಲೆ ಪಡಸಾಲೆಯಲ್ಲಿ ಮಡಿಸಿಟ್ಟ ಕೌದಿ ಕಣ್ಣಿಗೆ ಬಿತ್ತು. ಕಣ್ಣು ಅಟ್ಟದ ಮೇಲೆ ಹೋಯಿತು. ಅಟ್ಟ ಖಾಲಿ. ಅವಳು ನಿಂತಲ್ಲೇ ಕೂತಳು. ಮರುದಿನ ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ನನ್ನನ್ನು ಕರೆದು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು, ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿತ್ತು. ಇಬ್ಬರೂ ಕೌದಿಯ ಅಂಚಿನಲ್ಲಿ ಎರಡು ಹೊಲಿಗೆ ಸಡಿಲ ಮಾಡಿ ಇಣುಕಿದೆವು. ಹಳೆಯ ಬಿಳಿಚಿದ ಸೀರೆಗಳ ನಡುವೆ ಗಿಣಿಹಸಿರು ಹೊಳೆಯಿತು. ಅವ್ವ ತೋರುಬೆರಳಿನಿಂದ ಅದನ್ನು ಸವರಿದಳು. ಹೊರಗೆ ತೆಗೆಯಬೇಕೆಂದರೆ ಉದ್ದಕ್ಕೂ ಅಗಲಕ್ಕೂ ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಬೇಕು, ಬಿಚ್ಚಬೇಕೆಂದರೆ ಎಲ್ಲರ ಮುಂದೆ ಹೇಳಬೇಕು, ಹೇಳಿದರೆ ನನ್ನ ಖಾನೆ ಹೋಯಿತು.

"ಹೇಳಿಬಿಡವಾ ಅಪ್ಪಗ," ಎಂದೆ ನಾನು. "ನಂಗ ಡಬ್ಬಿನ ಸಾಕು."

ಬಾಯಿ ಹಾಗೆ ಅಂದಿತು, ದನಿ ಹಾಗೆ ಅನ್ನಲಿಲ್ಲ. ಅವ್ವ ನನ್ನನ್ನು ನೋಡಿ, ಸೂಜಿ ತೆಗೆದುಕೊಂಡು ಆ ಎರಡು ಹೊಲಿಗೆಯನ್ನು ಮತ್ತೆ ಹಾಕಿದಳು.

ಭಾನುವಾರ ಶಾಂತತ್ತೆ ಬಂದಳು. ಈ ಸಲ ಬೀರುವಿಗೆ ಮುಖ ಮಾಡಿ ಕೂತಳು. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗೈಯಿಂದ ಒತ್ತಿ ನೋಡಿದಳು.

"ಎಷ್ಟು ಭಾರ ಐತಲ್ಲೇ ಗಿರಿಜಾ. ಬೆಚ್ಚಗೆ ಇರ್ತೈತೆ ಬಿಡು ಕೂಸು."

"ಇರಲ್ರಿ ಅಕ್ಕಾರ. ಬೆಚ್ಚಗ ಇರಲಿ," ಎಂದಳು ಅವ್ವ.

ಅಪ್ಪ ಬೀರುವಿನ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದ. ಸೋತದ್ದು ಅವನಿಗೆ ನಂಬಿಕೆಯಾಗಿರಲಿಲ್ಲ. ನಾನು ಬಿಸ್ಕೀಟಿನ ಡಬ್ಬಿ ಎದೆಗೆ ಅವುಚಿಕೊಂಡು ಅವ್ವನ ಪಕ್ಕ ನಿಂತಿದ್ದೆ.

"ಖರೇನ ಒಂದೂ ಹೊಸಾದು ತಗೊಂಡಿಲ್ಲೇನ ಗಿರಿಜಾ?"

ಪಡಸಾಲೆಯಲ್ಲಿ ಎಲ್ಲರೂ ಅವ್ವನ ಕಡೆ ನೋಡಿದರು. ಅಜ್ಜಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವ್ವನ ಕೈ ಕೌದಿಯ ಮೇಲಿತ್ತು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳು ನನ್ನ ಡಬ್ಬಿಯನ್ನು ನೋಡಿದಳು, ಕೌದಿಯನ್ನು ಇನ್ನೊಂದು ಮಡಿಕೆ ಮಾಡಿ ಅತ್ತೆಯ ಚೀಲದೊಳಗೆ ತುಂಬಿದಳು, ಚೀಲದ ಬಾಯಿ ಕಟ್ಟಿದಳು.

"ಎಲ್ಲೈತಿ ಹುಡಿಕ್ಕೋರಿ," ಎಂದಳು.

ಅಪ್ಪ ಖಾನೆ ಖಾನೆ ಹುಡುಕಿ, ಕೈ ಝಾಡಿಸಿ, ನನ್ನ ತಲೆಯ ಮೇಲೊಂದು ಮೊಟಕಿ, ಕೆಳಗಿನ ಖಾನೆ ನಿನ್ನದು ಎಂದ. ಹರಪನಹಳ್ಳಿಯ ಬಸ್ಸಿಗೆ ಅತ್ತೆಯನ್ನು ಹತ್ತಿಸಲು ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟಾಗ ಅವ್ವ ಕಟ್ಟೆಯ ಮೇಲೆ ನಿಂತು ಓಣಿಯ ತಿರುವಿನ ತನಕ ನೋಡಿದಳು. ಅವಳು ನೋಡುತ್ತಿದ್ದದ್ದು ಅತ್ತೆಯನ್ನಲ್ಲ ಎಂದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಖಾನೆ ಜೋಡಿಸಲು ಅವ್ವನೂ ಕೂತಳು. ಯೂನಿಫಾರ್ಮು, ಎರಡು ಲಂಗ, ಮೂರು ಫ್ರಾಕು, ಒಂದು ಸ್ವೆಟರು. ಎಷ್ಟು ಅಗಲಿಸಿ ಇಟ್ಟರೂ ಅರ್ಧ ಖಾನೆ ಖಾಲಿಯೇ ಉಳಿಯಿತು. ನನಗೆ ಅಷ್ಟು ಸಂತೋಷ, ಅಷ್ಟೇ ಸಂಕಟ. ಯಾವುದು ಹೆಚ್ಚು ಎಂದು ಹೇಳಲಾರೆ. ಆಗ ಅಜ್ಜಿ ಬಾಗಿಲಿಗೆ ಒರಗಿ ನಿಂತು, ಎಲೆ ಅಡಿಕೆ ಒಂದು ದವಡೆಗೆ ಸರಿಸಿ, ಮಳೆ ಬೆಳೆ ಮಾತಾಡುವಷ್ಟು ಸಲೀಸಾಗಿ ಹೇಳಿದಳು:

"ಆ ಗಿಣಿಹಸರು ನಿನಗ ಚಲೋ ಒಪ್ತಿತ್ತು ಗಿರಿಜಾ."

ಅವ್ವನ ಕೈಯಲ್ಲಿದ್ದ ಫ್ರಾಕು ಅರ್ಧ ಮಡಿಕೆಯಲ್ಲೇ ನಿಂತಿತು.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಆ ಹಾಸು ಹಾಸಿದಾಕಿ ನಾನ ಅಲ್ಲೇನು? ಸೂಜಿ ಹಾಕಿದ್ ಕೂಡ್ಲೆ ಹೊಸಾ ಗಂಜಿ ಸಪ್ಪಳ ಮಾಡ್ತು, ಅಂಚಿನ್ಯಾಗ ಗಿಣಿಹಸರು ಇಣಕ್ತು. ಎದುರಿಗಿ ಗಂಗವ್ವ, ಗಂಗವ್ವನ ಸೊಸಿ ಕುಂತಾರ. ಅವರ ಮುಂದ ಜಗ್ಗಿ ತಗದು, ನಮ್ಮ ಸೊಸಿ ಮಾತಿಗಿ ತಪ್ಪ್ಯಾಳ ನೋಡ್ರಿ ಅನ್ಲೇನು? ಅದಕ್ಕ ಬಾಯಿ ಮುಚ್ಕೊಂಡು ಹೊಲದೆ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿದವು. ಅಳುತ್ತಿದ್ದಾಳೆ ಎಂದು ನಾನು ಹತ್ತಿರ ಹೋದರೆ ನಗುತ್ತಿದ್ದಳು, ಇನ್ನೂ ಹತ್ತಿರ ಹೋದರೆ ಎರಡೂ ಇತ್ತು. ಮದುವೆಯಾಗಿ ಬಂದಾಗಿನಿಂದ ಅಜ್ಜಿಯ ಮುಂದೆ ಹೀಗೆ ನೆಲದ ಮೇಲೆ ಕಾಲು ಚಾಚಿ ಕೂತು ನಕ್ಕವಳಲ್ಲ ಅವಳು. ಅಜ್ಜಿಯೂ ಬಂದು ಪಕ್ಕದಲ್ಲಿ ಕೂತಳು.

"ಬಾಗಿಲಾ ಹಾಕ್ಕೊಂಡೈತಿ, ನಿನ್ನ ಮಾತು ಮುಗೀತು. ಮೌಲಾಸಾಬ ಬಂದಾಗ ಅಂಥದ್ದ ಇನ್ನೊಂದು ತಗೋ."

"ತಗೊಂಡ್ರ ಇಡೋದೆಲ್ರಿ ಅತ್ತಿ? ಒಂದು ಸೀರಿ ಹೆಚ್ಚಾದ್ರ ಬಾಗಿಲಾ ಮತ್ತ ನಿಲ್ಲಂಗಿಲ್ಲ."

ಇಬ್ಬರೂ ಗೋಡೆ ನೋಡಿದರು, ಮಾಡು ನೋಡಿದರು, ಕ್ಯಾಲೆಂಡರು ನೋಡಿದರು. ನನ್ನ ಖಾನೆಯ ಕಡೆ ಮಾತ್ರ ಇಬ್ಬರಲ್ಲಿ ಒಬ್ಬರೂ ತಪ್ಪಿಯೂ ನೋಡಲಿಲ್ಲ. ನಾನು ನನ್ನ ಯೂನಿಫಾರ್ಮು, ಲಂಗ, ಫ್ರಾಕು, ಸ್ವೆಟರು ಎಲ್ಲವನ್ನೂ ಒಂದು ಬದಿಗೆ ಒತ್ತಿ, ಉಳಿದ ಅರ್ಧವನ್ನು ಅಂಗೈಯಿಂದ ಚೆನ್ನಾಗಿ ಒರೆಸಿ, "ಇಲ್ಲಿ ಇಡವಾ" ಎಂದೆ.